ಆ ಗೋಡೆ ಹೊತ್ತಿದ್ದೇನು

ಹೋದ ಮಾರ್ಚ್‌ನಲ್ಲಿ ಕೇಳಿದ ಒಂದು ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಗೋಡೆ ಬಿದ್ದ ಸದ್ದಲ್ಲ. ಒಣಗಿದ ಮರ ಒಮ್ಮೆ ಕಿರ್ ಅಂದಿತು. ಅದರ ಹಿಂದೆಯೇ ಬಾಂಡ್ಲಿಯಿಂದ ಮರಳು ಸುರಿದ ಹಾಗೆ ಒಂದೇ ಸಮ ಮಣ್ಣು ಸುರಿಯಿತು. ನಾನು ಅಡುಗೆಮನೆಯಲ್ಲಿ ಕೆಲಸದವರಿಗೆ ಕಾಫಿ ಸೋಸುತ್ತಿದ್ದೆ. ಅವರ ಜೊತೆ ಬಂದಿದ್ದ ಚಿಕ್ಕ ಹುಡುಗ ನೀರು ಕೇಳಿಕೊಂಡು ಆಗಷ್ಟೇ ಬಾಗಿಲ ಹತ್ತಿರ ಬಂದು ನಿಂತಿದ್ದ. ಇಪ್ಪತ್ತು ವರ್ಷ ಇರಬಹುದು. ಕಾಲಲ್ಲಿ ಹವಾಯಿ ಚಪ್ಪಲಿ, ಮೂಗಿಗೆ ಒಂದು ಟವೆಲ್. ಚೊಂಬು ಅವನ ಕೈಗೆ ಕೊಟ್ಟೆ. ಸದ್ದು ಕೇಳಿದ್ದು ಅವಾಗಲೇ. ಇಬ್ಬರೂ ತಿರುಗಿ ನೋಡಿದೆವು. ನಡುಮನೆ ತುಂಬ ಕೆಂಪು ಧೂಳು. ಅದು ಸ್ವಲ್ಪ ಇಳಿದ ಮೇಲೆ ನೋಡಿದರೆ, ಅವನು ಕೂತು ಹಾರೆ ಹಾಕುತ್ತಿದ್ದ ಜಾಗದಲ್ಲಿ ಮೊಣಕಾಲು ಮಟ್ಟ ಮಣ್ಣು, ಅದರ ಮೇಲೆ ಮುಚ್ಚಿಗೆಯ ಎರಡು ಹಲಗೆ. ಅವನು ನೀರು ಕುಡಿಯಲಿಲ್ಲ. ಚೊಂಬು ಹಿಡಿದುಕೊಂಡೇ ನಿಂತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ಮಗುವನ್ನು ಎತ್ತಿಕೊಂಡು ಓಡಿ ಬಂದಳು. “ಅಕ್ಕಾ, ನಮ್ಮ ರೂಮಲ್ಲಿ ಮೇಲಿಂದ ಮಣ್ಣು ಉದುರ್ತಾ ಇದೆ, ಏನು ಮಾಡ್ತಿದ್ದೀರಿ ನೀವು?” ನಾವು ನಮ್ಮ ಮನೆಯ ಒಳಗಿನ ಒಂದು ಗೋಡೆ ತೆಗೆಯುತ್ತಿದ್ದೆವು, ಅಷ್ಟೇ. ಹೊರಗಿನದಲ್ಲ, ನಮ್ಮಿಬ್ಬರ ಮನೆಗೆ ಸೇರಿದ ಪಾಲುಗೋಡೆಯೂ ಅಲ್ಲ. ನಮ್ಮದೇ ನಡುಮನೆಗೂ ನಮ್ಮದೇ ಉಗ್ರಾಣಕ್ಕೂ ನಡುವಿನ ಗೋಡೆ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಈ ಬರಹ ಅದರದ್ದೇ.

ಮೂರು ರೇಟು

ಕೆಲಸಕ್ಕೆ ಕಾರಣ ಅಮ್ಮ. ಅಮ್ಮನಿಗೆ ಈಗ 78. ನಮ್ಮದು ಚಿಕ್ಕಮಗಳೂರಿನ ಬಸವನಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲಿ. ಮಳೆಗಾಲದ ಒಂದು ರಾತ್ರಿ ಅಮ್ಮ ಹಿತ್ತಲ ಕಲ್ಲಿನ ಮೇಲೆ ಜಾರಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಆಮೇಲೆ ರಾತ್ರಿ ಹೊತ್ತು ನೀರು ಕುಡಿಯುವುದನ್ನೇ ನಿಲ್ಲಿಸಿದರು. ಎದ್ದು ಹೋಗಬೇಕಾಗುತ್ತದೆ ಅನ್ನುವ ಹೆದರಿಕೆ. ಇದನ್ನು ನೋಡಿಕೊಂಡು ಸುಮ್ನೆ ಇರಲು ಆಗುತ್ತದಾ? ಉಗ್ರಾಣವನ್ನೇ ಬಾತ್‌ರೂಮು ಮಾಡೋಣ, ಅದರ ಗೋಡೆ ತೆಗೆದು ಅಮ್ಮನ ಮಂಚ ಅದರ ಹತ್ತಿರಕ್ಕೇ ಹಾಕೋಣ ಎಂದು ನಾನೂ ತಮ್ಮನೂ ತೀರ್ಮಾನ ಮಾಡಿದೆವು.

ಚಿಕ್ಕಮಗಳೂರಿನಲ್ಲಿ ಇಂಥ ಕೆಲಸಕ್ಕೆ ಯಾವಾಗ ಬೇಕೆಂದರೆ ಆವಾಗ ಜನ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಹೆಂಚು ಮುಟ್ಟುವ ಹಾಗಿಲ್ಲ. ನವೆಂಬರ್ ಬಂದರೆ ಅರೇಬಿಕಾ ಕೊಯ್ಲು, ಜನವರಿ ದಾಟಿದರೆ ರೊಬಸ್ಟಾ. ಕೈಕಾಲು ಗಟ್ಟಿ ಇರುವವರೆಲ್ಲ ತೋಟದಲ್ಲಿ. ಉಳಿಯುವುದು ಮಾರ್ಚ್, ಏಪ್ರಿಲ್, ಮೇ. ಊರಿನ ರಿಪೇರಿಯೆಲ್ಲ ಈ ಮೂರು ತಿಂಗಳಿಗೇ ಬಂದು ಬೀಳುತ್ತದೆ. ಸಿಕ್ಕ ಮೇಸ್ತ್ರಿಯನ್ನು ಬಿಡಬಾರದು ಅನ್ನುವ ಆತುರ ಎಲ್ಲರಿಗೂ ಇರುತ್ತದೆ. ನನಗೂ ಇತ್ತು.

ಮೂವರನ್ನು ಕರೆಸಿದೆ. ಮೊದಲನೆಯವರು ದಿನಗೂಲಿ ಲೆಕ್ಕ ಹೇಳಿದರು, ಎಷ್ಟು ದಿನ ಹಿಡಿಯುತ್ತದೋ ಅಷ್ಟು. ಎರಡನೆಯವರು ಮಣ್ಣು ಸಾಗಿಸುವುದೂ ಸೇರಿ ಒಟ್ಟು 18,000 ಅಂದರು. ಮೂರನೆಯವರು ಗೋಡೆ ನೋಡುವ ಮೊದಲು ಬಾಗಿಲ ಚೌಕಟ್ಟು ನೋಡಿದರು. ತಲೆ ಎತ್ತಿ ತೊಲೆ ನೋಡಿದರು. “ಹಳೇ ಮರ ನಮಗೆ ಬಿಡಿ ಮೇಡಂ, ಒಡೆಯೋಕೆ ದುಡ್ಡೇ ಬೇಡ” ಅಂದರು. ಹಳೇ ಮನೆ ಇರುವವರೆಲ್ಲ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಮರಕ್ಕೆ ಕಣ್ಣು ಹಾಕಿದವರಿಗೆ ಮರ ಬೇಗ ಕೈಗೆ ಬರಬೇಕು. ಅದು ಮೇಲೆ ಏನನ್ನು ಹಿಡಿದುಕೊಂಡಿದೆ ಅನ್ನುವುದು ಅವರ ಲೆಕ್ಕದಲ್ಲಿ ಇರುವುದಿಲ್ಲ. ಅವರನ್ನು ಬಿಟ್ಟೆ. ಎರಡನೆಯವರಿಗೆ ಹೂಂ ಅಂದೆ, 5,000 ಅಡ್ವಾನ್ಸ್ ಕೊಟ್ಟೆ.

ಆ ಮೇಸ್ತ್ರಿ ಬೆರಳ ಗಂಟಿನಿಂದ ಗೋಡೆಗೆ ನಾಲ್ಕು ಕಡೆ ತಟ್ಟಿದರು. “ಟೊಳ್ಳು ಸೌಂಡು ಬರ್ತಿದೆ ಮೇಡಂ, ಇದು ಆಮೇಲೆ ಮಧ್ಯ ಹಾಕಿದ ಗೋಡೆ. ಭಾರ ಏನೂ ಇಲ್ಲ. ಬೆಳಿಗ್ಗೆ ಶುರು ಮಾಡಿದರೆ ಸಾಯಂಕಾಲ ಕ್ಲೀನ್.” ನನಗೂ ಅದೇ ಮಾತು ಬೇಕಿತ್ತು. ಮೂವರನ್ನೂ ನಾನು ಕೇಳಿದ್ದು ಎಷ್ಟು ದುಡ್ಡು, ಎಷ್ಟು ದಿನ ಎಂದು ಮಾತ್ರ. ಹೇಗೆ ಒಡೆಯುತ್ತೀರಿ ಎಂದು ಒಬ್ಬರನ್ನೂ ಕೇಳಲಿಲ್ಲ. ಒಡೆಯುವುದನ್ನು ನಾವು ಒಂದು ಕೆಲಸ ಎಂದೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಕಟ್ಟುವುದಕ್ಕೆ ಪ್ಲಾನ್ ಇದೆ, ಎಸ್ಟಿಮೇಟ್ ಇದೆ, ಕ್ಯೂರಿಂಗ್ ಆಯಿತಾ ಎಂದು ದಿನಾ ಎರಡು ಹೊತ್ತು ಕೇಳುವವರಿದ್ದಾರೆ. ಒಡೆಯುವುದು ಅದಕ್ಕೂ ಹಿಂದಿನ ದಿನದ ಗಲೀಜು, ಯಾರಾದರೂ ಬಂದು ಮುಗಿಸಿಕೊಟ್ಟರೆ ಸಾಕು ಅಂದುಕೊಳ್ಳುತ್ತೇವೆ.

ಹಾಗೆ ಬಿಡುವಷ್ಟು ಹಗುರ ವಸ್ತುವಲ್ಲ ಗೋಡೆ. ನಮ್ಮದು 11 ಅಡಿ ಉದ್ದ, 10 ಅಡಿ ಎತ್ತರ, ಗಿಲಾವೂ ಸೇರಿ 9 ಇಂಚು ದಪ್ಪ. ಲೆಕ್ಕ ಹಾಕಿದರೆ 82 ಘನ ಅಡಿ ಮೇಲೆ ಬರುತ್ತದೆ. ಇಟ್ಟಿಗೆ, ಮಣ್ಣು ಎಲ್ಲ ಸೇರಿ ಸುಮಾರು ನಾಲ್ಕು ಟನ್. ಒಂದು ಆನೆಯ ತೂಕ. ಅಷ್ಟು ತೂಕ ನಡುಮನೆಯಲ್ಲಿ ನಿಂತಿದೆ, ಅದರ ಬುಡದಲ್ಲಿ ಹವಾಯಿ ಚಪ್ಪಲಿಯ ಹುಡುಗ ಕೂತು ಹಾರೆ ಹಾಕುತ್ತಿದ್ದಾನೆ. ಬುಡ ಎರಡಡಿ ಕಡಿದುಬಿಟ್ಟರೆ ಮೇಲಿನದು ತಾನೇ ಬೀಳುತ್ತದೆ, ಕೆಲಸ ಬೇಗ ಮುಗಿಯುತ್ತದೆ ಅನ್ನುವುದು ಅವರ ರೂಢಿ. ಕಟ್ಟಡ ಕೆಡವುವಾಗ ಪಾಲಿಸಬೇಕಾದ ಸುರಕ್ಷತೆಗೇ ನಮ್ಮ ದೇಶದಲ್ಲಿ ಒಂದು ಮಾನಕ ಇದೆ, ಐ.ಎಸ್. 4130 ಎಂದು ಅದರ ನಂಬರು. ಕೆಡವುವುದು ಮೇಲಿಂದ ಕೆಳಕ್ಕೆ ಬರಬೇಕು, ಶುರು ಮಾಡುವ ಮೊದಲು ಕರೆಂಟು, ನೀರು ಎಲ್ಲ ಬಂದ್ ಆಗಿರಬೇಕು. ನಮ್ಮ ಮನೆಯಲ್ಲಿ ಅವತ್ತು ಬುಡದಿಂದ ಶುರುವಾಗಿತ್ತು. ಮೈನ್ ಸ್ವಿಚ್ಚೂ ಆನ್ ಇತ್ತು. ಅಪ್ಪನ ಕಾಲದ ವೈರು ಅದೇ ಗೋಡೆಯೊಳಗೆ ಇಳಿದಿತ್ತು.

ಕಚೇರಿಯಲ್ಲಿ ಕೇಳಿದ್ದು

ಪರ್ಮಿಷನ್ ವಿಚಾರ ಮರೆತಿರಲಿಲ್ಲ. ಫೆಬ್ರವರಿಯಲ್ಲಿ ಮನೆ ಕಂದಾಯದ ಕೆಲಸಕ್ಕೆ ನಗರಸಭೆ ಕಚೇರಿಗೆ ಹೋದಾಗ ಅಲ್ಲಿಯೇ ಕೇಳಿದ್ದೆ. ಅಲ್ಲಿದ್ದವರು ಸಮಾಧಾನವಾಗಿಯೇ ಮಾತಾಡಿದರು. ಹೊರಗಡೆ ಏನಾದರೂ ಬದಲಾಗುತ್ತದಾ? ಇಲ್ಲ. ಏರಿಯಾ ಜಾಸ್ತಿ ಆಗುತ್ತದಾ? ಇಲ್ಲ. ಮಹಡಿ ಎತ್ತುತ್ತೀರಾ? ಇಲ್ಲ. ರಸ್ತೆ ಕಡೆಗೆ ಚಾಚುತ್ತದಾ? ಇಲ್ಲ. ಹಾಗಾದರೆ ಪ್ಲಾನ್ ಸ್ಯಾಂಕ್ಷನ್ ಬೇಕಿಲ್ಲ, ಒಳಚರಂಡಿಗೆ ಹೊಸ ಸಂಪರ್ಕ ಕೊಡುವುದಾದರೆ ಅದಕ್ಕೆ ಬೇರೆ ಅರ್ಜಿ ಹಾಕಿ, ರಸ್ತೆಯಲ್ಲಿ ಮಣ್ಣು ಸುರಿಯಬೇಡಿ ಅಂದರು. ಅವರು ತಪ್ಪೇನೂ ಹೇಳಲಿಲ್ಲ. ನಮ್ಮಂಥ ಊರುಗಳಿಗೆ ಅನ್ವಯಿಸುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಅದು ಹೊಸದಾಗಿ ಕಟ್ಟುವವರನ್ನು, ಇದ್ದ ಕಟ್ಟಡಕ್ಕೆ ಸೇರಿಸುವವರನ್ನು, ಹೊರಭಾಗ ಬದಲಾಯಿಸುವವರನ್ನು, ಮುಂದಕ್ಕೆ ಚಾಚುವವರನ್ನು ಮೊದಲು ತಿಳಿಸಿ ಅನ್ನುತ್ತದೆ. ಊರಿಗೆ ಬೇಕಾದದ್ದು ಗಾಳಿ, ಬೆಳಕು, ರಸ್ತೆ, ಚರಂಡಿ. ಅದರ ಕಣ್ಣು ಮನೆಯ ಹೊರಮೈ ಮೇಲೆ ಇರುತ್ತದೆ.

ನಾನು ಮನೆಗೆ ಬಂದು ತಮ್ಮನಿಗೆ “ಪರ್ಮಿಷನ್ ಬೇಡವಂತೆ” ಅಂದೆ. ಇಬ್ಬರಿಗೂ ನಿರಾಳವಾಯಿತು. ತಪ್ಪಿದ್ದು ಇಲ್ಲೇ. ಅನುಮತಿ ಬೇಡ ಅಂದರೆ ಅಪಾಯ ಇಲ್ಲ ಎಂದು ನಾವು ಅರ್ಥ ಮಾಡಿಕೊಂಡೆವು. ಅವರು ಹೇಳಿದ್ದಕ್ಕೂ ನಾವು ಕೇಳಿಸಿಕೊಂಡಿದ್ದಕ್ಕೂ ಸಂಬಂಧವೇ ಇಲ್ಲ. ಆ ಗೋಡೆ ತೆಗೆದರೆ ಏನಾಗುತ್ತದೆ ಎಂದು ಅವರು ಕೇಳಲಿಲ್ಲ, ಕೇಳುವುದು ಅವರ ಕೆಲಸವೂ ಆಗಿರಲಿಲ್ಲ. ಮೇಸ್ತ್ರಿ ಬೆರಳಲ್ಲಿ ತಟ್ಟಿ ಮುಗಿಸಿದರು. ಕಚೇರಿ ನೋಡಿಕೊಂಡಿರುತ್ತದೆ ಎಂದು ಮೇಸ್ತ್ರಿ ಅಂದುಕೊಂಡಿರಬಹುದು. ಮೇಸ್ತ್ರಿಗೆ ಗೊತ್ತಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆ ಒಂದು ಪ್ರಶ್ನೆ ಮೂರು ಕಡೆಯಿಂದಲೂ ಜಾರಿ ನೆಲಕ್ಕೆ ಬಿದ್ದಿತ್ತು.

ಇದನ್ನು ಬರೆಯುವಾಗ ಬೇಲೂರಿನ ದೊಡ್ಡಮ್ಮನ ಮನೆ ನೆನಪಾಗುತ್ತದೆ. ನಮ್ಮಿಂದ ಒಂದು ಗಂಟೆಯ ದಾರಿಯೂ ಅಲ್ಲ, ಆದರೆ ಅಲ್ಲಿಯ ಕಥೆ ಪೂರ್ತಿ ಬೇರೆ. ಅವರ ಮನೆ ಚೆನ್ನಕೇಶವ ದೇವಸ್ಥಾನದ ಹತ್ತಿರ. ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತೆಯೇ ಇಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಏನು ಕಟ್ಟುವುದಿದ್ದರೂ ಮೊದಲು ಒಪ್ಪಿಗೆ ಪಡೆಯಬೇಕು. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಇನ್ನೂ ಬಿಗಿಯಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೊಡ್ಡಮ್ಮ ಹಿಂದಿನ ಗೋಡೆ ರಿಪೇರಿಗೆಂದು ಫೋಟೋ, ನಕ್ಷೆ, ಖಾತೆ ಎಲ್ಲ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದರು. ಆಗ ಅವರ ಕಷ್ಟ ನೋಡಿ ನನಗೆ ಬೇಜಾರಾಗಿತ್ತು. ಈಗ ಇನ್ನೊಂದು ವಿಷಯವೂ ಕಾಣುತ್ತಿದೆ. ಆ ಅರ್ಜಿಗೋಸ್ಕರ ಅವರು ಒಬ್ಬ ಎಂಜಿನಿಯರ್‌ನನ್ನು ಮನೆಗೆ ಕರೆಸಲೇಬೇಕಾಯಿತು. ಮನೆ ಅಳೆದು, ಯಾವ ಗೋಡೆ ಎಲ್ಲಿದೆ, ಎಷ್ಟು ದಪ್ಪ ಎಂದು ಒಬ್ಬರು ಬರೆದಿಡಲೇಬೇಕಾಯಿತು. ನಮಗೆ ಅಂಥ ಅಡ್ಡಿ ಇರಲಿಲ್ಲ, ಆದ್ದರಿಂದ ನೋಡುವವರೂ ಇರಲಿಲ್ಲ.

ಅಟ್ಟ ಹತ್ತಿದ ದಿನ

ಮಣ್ಣು ಬಿದ್ದ ದಿನ ಮೇಸ್ತ್ರಿ ಗಾಬರಿಯಾದರೂ ಒಂದು ಕೆಲಸ ಸರಿ ಮಾಡಿದರು. ಎದುರು ಮನೆಯ ಶೆಡ್ಡಿನಿಂದ ಎರಡು ನೀಲಗಿರಿ ಕಂಬ ತಂದು ತೊಲೆಗೆ ಒತ್ತುಕೊಟ್ಟರು. ಆಮೇಲೆ ಹಾರೆ, ಬಾಂಡ್ಲಿ ಕಟ್ಟಿಕೊಂಡು ಹೋದರು. ಮಾರನೇ ದಿನ ಫೋನ್ ಮಾಡಿದರೆ “ಇನ್ನೊಂದು ಸೈಟಲ್ಲಿದ್ದೀನಿ” ಅಂದರು. ಅವರು ಮತ್ತೆ ಬರುವುದು ನನಗೂ ಬೇಕಿರಲಿಲ್ಲ. ತಮ್ಮನ ಗೆಳೆಯನ ಕಡೆಯಿಂದ ಒಬ್ಬ ಹುಡುಗಿ ಬಂದಳು. ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದವಳು, ಈಗ ಸ್ವಂತ ಕೆಲಸ ಮಾಡುತ್ತಾಳೆ. ಬಂದವಳು ಗೋಡೆ ತಟ್ಟಲೇ ಇಲ್ಲ. “ಆಂಟಿ, ಅಟ್ಟಕ್ಕೆ ಏಣಿ ಎಲ್ಲಿದೆ?” ಎಂದು ಕೇಳಿದಳು.

ನಾನು ಆ ಅಟ್ಟ ಹತ್ತಿ ಹದಿನೈದು ವರ್ಷವಾಗಿತ್ತು. ಅವಳ ಹಿಂದೆ ನಾನೂ ಹತ್ತಿದೆ. ಹಳೇ ಮನೆಗಳ ಮುಚ್ಚಿಗೆ ನಿಮಗೆ ಗೊತ್ತು, ಹಲಗೆ ಹಾಸಿ ಅದರ ಮೇಲೆ ನಾಲ್ಕೈದು ಇಂಚು ಮಣ್ಣು ಮೆತ್ತಿರುತ್ತಾರೆ. ಬೇಸಿಗೆಯಲ್ಲಿ ತಂಪು, ಬೆಂಕಿಗೂ ತಡೆ. ಅವಳು ಮಂಡಿಯೂರಿ ಟಾರ್ಚ್ ಬಿಟ್ಟಳು. ಕೈಯಿಂದ ಮಣ್ಣು ಸರಿಸಿ ತೊಲೆ ಹುಡುಕಿದಳು. ಆರು ಇಂಚು ಅಗಲ, ಎಂಟು ಇಂಚು ಎತ್ತರದ ಹಲಸಿನ ತೊಲೆ. ಅದರ ಗುಂಟ ತೆವಳುತ್ತಾ ಹೋದಳು, ನಾನು ಟೇಪಿನ ಈ ತುದಿ ಹಿಡಿದುಕೊಂಡೆ. ತೊಲೆ ನಮ್ಮ ಹೊರಗೋಡೆಯಿಂದ ಹೊರಟು, ಆ ಉಗ್ರಾಣದ ಗೋಡೆಯ ಮೇಲೆ ಹಾದು, ಪಾಲುಗೋಡೆಯ ತೂತಿನಲ್ಲಿ ತೂರಿ, ಪಕ್ಕದ ಮನೆಯೊಳಕ್ಕೆ ಹೋಗಿತ್ತು. ಒಂದೇ ಮರ, 22 ಅಡಿ. ಮನೆ ತಾತನ ಕಾಲದಲ್ಲಿ ಒಂದೇ ಇತ್ತು. ಅಪ್ಪ, ಚಿಕ್ಕಪ್ಪ ಪಾಲಾದಾಗ ನಡುವೆ ಗೋಡೆ ಎದ್ದಿತು. ಚಿಕ್ಕಪ್ಪ ತಮ್ಮ ಪಾಲನ್ನು ಮಾರಿ ಬೆಂಗಳೂರಿಗೆ ಹೋದರು. ಖಾತೆ ಎರಡಾಯಿತು, ನಲ್ಲಿ, ಮೀಟರು ಎರಡಾದವು. ತೊಲೆಯನ್ನು ಯಾರೂ ಪಾಲು ಮಾಡಿರಲಿಲ್ಲ.

ಆಮೇಲೆ ಹೊರಗೋಡೆಯ ಕಡೆ ಹೋಗಿ, ತೊಲೆ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದಳು. ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಅರ್ಧದವರೆಗೂ ಇಳಿಯಿತು. “ಮಲೆನಾಡಲ್ಲಿ ತೊಲೆ ಸಾಯೋದು ಇಲ್ಲೇ ಆಂಟಿ” ಅಂದಳು. ಮರದ ತುದಿ ಒದ್ದೆ ಗೋಡೆಯೊಳಗೆ ಹೂತಿರುತ್ತದೆ, ಗಾಳಿ ಆಡುವುದಿಲ್ಲ, ನಡುಭಾಗ ಕಬ್ಬಿಣದ ಹಾಗೆ ಗಟ್ಟಿ ಇದ್ದರೂ ತುದಿ ಕೊಳೆತಿರುತ್ತದೆ. ಕೆಳಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ನಮ್ಮ ತೊಲೆಗೆ ಹೊರಗಿನ ತುದಿಯಲ್ಲಿ ಹಿಡಿತವೇ ಉಳಿದಿರಲಿಲ್ಲ. ಅದರ ಭಾರವೆಲ್ಲ ಉಗ್ರಾಣದ ಗೋಡೆಯ ಮೇಲೆ ಕೂತಿತ್ತು. ಅದನ್ನೇ ನಾವು ಬುಡದಲ್ಲಿ ಕಡಿಯುತ್ತಿದ್ದೆವು.

“ಆದರೆ ಈ ಗೋಡೆ ತೊಲೆ ಹೊರೋಕೆ ಕಟ್ಟಿದ್ದಲ್ಲ, ಇಷ್ಟು ತೆಳ್ಳಗೆ ಯಾಕಿದೆ ಅಂತ ಗೊತ್ತಾಗ್ತಿಲ್ಲ” ಎಂದು ಅವಳು ಕೆಳಗೆ ಇಳಿದು ಕೈ ತೊಳೆಯುತ್ತಾ ಅಂದಳು. ಅಮ್ಮ ಮಂಚದ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: “ನಾನು ಮದುವೆಯಾಗಿ ಬಂದಾಗ ಆ ಗೋಡೆ ಎಲ್ಲಿತ್ತು? ಅಲ್ಲೊಂದು ಕಂಬ ಇತ್ತು. ದಪ್ಪ ಕಂಬ, ಕೆಳಗೆ ಕಲ್ಲು. ನಿಮ್ಮಜ್ಜಿ ಉಗ್ರಾಣ ಬೇಕು ಅಂತ ಗೋಡೆ ಹಾಕಿಸಿದರು. ಗೋಡೆ ಬಂತಲ್ಲ, ಇನ್ನು ಕಂಬ ಯಾಕೆ ಅಂತ ಅದನ್ನ ತೆಗೆಸಿ ಯಾರಿಗೋ ಕೊಟ್ಟರು.”

ಅವಳು ನನ್ನ ಮುಖ ನೋಡಿದಳು. ಮೇಸ್ತ್ರಿ ಹೇಳಿದ್ದು ಅರ್ಧ ನಿಜವೇ ಆಗಿತ್ತು. ಅದು ಆಮೇಲೆ ಮಧ್ಯ ಹಾಕಿದ ಗೋಡೆಯೇ. ಕಟ್ಟಿದ ದಿನ ಅದಕ್ಕೆ ಯಾವ ಭಾರವೂ ಇರಲಿಲ್ಲ. ಕಂಬ ಹೋದ ಮೇಲೆ ಕಂಬದ ಕೆಲಸ ಅದರ ಪಾಲಿಗೆ ಬಂತು. ಹೊರಗಿನ ತುದಿ ಕೊಳೆತ ಮೇಲೆ ಆ ತುದಿಯ ಕೆಲಸವೂ ಬಂತು. ಐವತ್ತು ವರ್ಷ ಅದು ಸದ್ದಿಲ್ಲದೆ ಹೊತ್ತುಕೊಂಡು ನಿಂತಿತ್ತು. ಗೋಡೆಗೆ ತಟ್ಟಿದರೆ ಇದೆಲ್ಲ ಕೇಳಿಸುತ್ತದಾ? ಟೊಳ್ಳು ಸದ್ದು ಬಂದದ್ದು ಗಿಲಾವು ಒಳಗಿನಿಂದ ಬಿಟ್ಟುಕೊಂಡಿದ್ದಕ್ಕೆ. ತಾತನ ಕಾಲದ ಪ್ಲಾನ್ ಯಾವುದಾದರೂ ಸಿಕ್ಕಿದ್ದರೂ ಅದರಲ್ಲಿ ಕಂಬ ಇರುತ್ತಿತ್ತು, ಗೋಡೆ ಇರುತ್ತಿರಲಿಲ್ಲ. ಗೊತ್ತಿದ್ದದ್ದು ಅಮ್ಮನಿಗೆ ಒಬ್ಬರಿಗೇ. ಮೂವರು ಕಂಟ್ರಾಕ್ಟರ್‌ಗಳು ಬಂದು ಹೋದರು, ಅಮ್ಮ ಅದೇ ಮಂಚದ ಮೇಲೆ ಕೂತಿದ್ದರು. ಅವರಿಗೋಸ್ಕರವೇ ನಡೆಯುತ್ತಿದ್ದ ಕೆಲಸ. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಇದು ನನ್ನನ್ನು ಇನ್ನೂ ಕಾಡುತ್ತದೆ.

ಪಕ್ಕದ ಮನೆ

ಅಟ್ಟ ಹತ್ತಿದ ದಿನ ಸಾಯಂಕಾಲವೇ ಪಕ್ಕದ ಮನೆಗೆ ಹೋದೆ. ಕ್ಷಮೆ ಕೇಳುವುದಿತ್ತು, ತೊಲೆಯ ವಿಷಯ ಹೇಳುವುದಿತ್ತು. ಸೊಸೆ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಅವಳ ಸಿಟ್ಟು ನ್ಯಾಯವಾಗಿಯೇ ಇತ್ತು, ಮಗು ಮಲಗುವ ತೊಟ್ಟಿಲ ಮೇಲೆ ಮಣ್ಣು ಬಿದ್ದಿತ್ತು. ಅವಳ ಮಾವ ಬಂದು ಕೂರಿಸಿದರು. ಎಲ್ಲವನ್ನೂ ಹೇಳಿದೆ. ಅವರಿಗೂ ತಮ್ಮ ಮಾಡಿನ ತೊಲೆ ನಮ್ಮ ಮನೆಯಿಂದ ಬರುತ್ತದೆ ಎಂದು ಗೊತ್ತಿರಲಿಲ್ಲ. “ನಾವು ಮನೆ ತಗೊಂಡಾಗ ಗೋಡೆಯಿಂದ ಗೋಡೆಗೆ ಅಳೆದು ಕೊಟ್ಟರು, ಮೇಲೆ ಯಾರು ನೋಡ್ತಾರೆ” ಅಂದರು.

ನಮಗೆ ತಿಳಿದ ವಕೀಲರೊಬ್ಬರು ಆಮೇಲೆ ಒಂದು ವಿಷಯ ಹೇಳಿದರು. 1882ರಷ್ಟು ಹಳೆಯ ಈಸ್‌ಮೆಂಟ್ ಕಾಯ್ದೆ ಒಂದಿದೆ, ಇನ್ನೊಬ್ಬರ ಜಾಗದ ಮೇಲೆ ನಮಗಿರುವ ಹಕ್ಕಿನದು. ದಾರಿ, ಬೆಳಕು, ಗಾಳಿಯ ಹಕ್ಕಿನ ಬಗ್ಗೆ ನಾವು ಕೇಳಿರುತ್ತೇವೆ. ಆಸರೆಯ ಹಕ್ಕೂ ಅದರಲ್ಲಿದೆ. ಒಂದು ಮನೆ ಇನ್ನೊಬ್ಬರ ಗೋಡೆಯ ಆಸರೆಯನ್ನು 20 ವರ್ಷ ತಡೆಯಿಲ್ಲದೆ, ಹಕ್ಕಾಗಿ ಪಡೆದುಕೊಂಡು ಬಂದಿದ್ದರೆ ಅದು ಗಟ್ಟಿ ಹಕ್ಕೇ ಆಗುತ್ತದೆ. ಕೋರ್ಟು, ಕೇಸು ಅನ್ನುವಲ್ಲಿಗೆ ನಾವು ಹೋಗಲಿಲ್ಲ. ಆದರೂ ಆ ಮಾತು ಕೇಳಿ ನನಗೆ ಏನೋ ಸಮಾಧಾನವಾಯಿತು. ನನ್ನ ಮನೆಯೊಳಗಿನ ಗೋಡೆ ಪೂರ್ತಿ ನನ್ನದಲ್ಲ ಎಂದು ಆ ಸದ್ದಿನಲ್ಲಿ ನನಗೆ ಅನಿಸಿತ್ತು. ಅದನ್ನೇ ಯಾರೋ 140 ವರ್ಷದ ಹಿಂದೆ ಯೋಚನೆ ಮಾಡಿ ಬರೆದಿಟ್ಟಿದ್ದರು.

ಎರಡನೇ ಸಲ

ಗೋಡೆ ತೆಗೆಯುವುದನ್ನು ಬಿಟ್ಟೆವು. ಅಮ್ಮನಿಗೆ ಬೇಕಿದ್ದದ್ದು ಬಾಗಿಲು. ತೊಲೆ ಕೂರುವ ಜಾಗದಿಂದ ದೂರ, ಗೋಡೆಯ ಇನ್ನೊಂದು ತುದಿಯಲ್ಲಿ 3 ಅಡಿ ಅಗಲದ ಬಾಗಿಲು ಬಿಡಿಸುವುದು ಎಂದಾಯಿತು. 3 ಅಡಿ ಯಾಕೆ ಅಂದರೆ ನಾಳೆ ವಾಕರ್ ಬಂದರೂ, ಗಾಲಿಕುರ್ಚಿ ಬಂದರೂ ನುಗ್ಗಬೇಕು. ಅದಕ್ಕೂ ಮೊದಲು ತೊಲೆಯ ಕೊಳೆತ ತುದಿಗೆ ಎರಡೂ ಪಕ್ಕ ಕಬ್ಬಿಣದ ಚಾನೆಲ್ ಕೊಟ್ಟು ಬೋಲ್ಟ್ ಹಾಕುವುದು, ಅಜ್ಜಿ ತೆಗೆಸಿದ್ದ ಕಂಬದ ಜಾಗದಲ್ಲಿ ಮತ್ತೆ ಒಂದು ಕಂಬ ನಿಲ್ಲಿಸುವುದು. ಕೆಳಗೆ ಅಗೆದಾಗ ಹಳೇ ಕಂಬದ ಕಲ್ಲು ಇನ್ನೂ ಅಲ್ಲೇ ಇತ್ತು. ಅದರ ಮೇಲೇ ಹೊಸ ಕಂಬ ಕೂತಿತು.

ಈ ಸಲ ನಾನು ಬೇರೆ ಥರ ಮಾತಾಡಿದೆ. ಹೊಸ ಮೇಸ್ತ್ರಿ ಕಡೂರು ಕಡೆಯವರು, ಹಿರಿಯರು. ರೇಟು ಕೇಳುವ ಮೊದಲು “ಮೊದಲ ಏಟು ಎಲ್ಲಿ ಹಾಕ್ತೀರಿ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಏಟು ಕೊನೆಗೆ ಅಮ್ಮ. ಮೊದಲು ಒತ್ತುಗಂಬ” ಅಂದರು. ಬಾಗಿಲ ಮೇಲ್ಗಡೆ ಬರುವ ಜಾಗದಲ್ಲಿ ಗೋಡೆಗೆ ತೂತು ಕೊರೆದು, ಅಡ್ಡ ಮರ ತೂರಿಸಿ, ಎರಡೂ ಕಡೆ ಜಾಕಿ ಕೊಟ್ಟು, ಲಿಂಟಲ್ ಅನ್ನುವ ಅಡ್ಡತೊಲೆ ಕೂರಿಸಿ, ಆಮೇಲೆ ಕೆಳಗಿನದನ್ನು ಮೇಲಿಂದ ಒಂದೊಂದೇ ವರಸೆ ಬಿಡಿಸುತ್ತೇನೆ ಎಂದು ಕೈ ಮಾಡಿ ತೋರಿಸಿದರು. ಲಿಂಟಲ್ ಎರಡೂ ತುದಿಗೆ ಕಲ್ಲಿನ ದಿಂಡು ಬೇಕು, ಮಣ್ಣಿನ ಗೋಡೆ ಮೇಲೆ ಹಾಗೇ ಇಟ್ಟರೆ ಒತ್ತಿಕೊಂಡು ಕೂರುತ್ತದೆ ಅಂದರು. ರೇಟು ಕೇಳಿದಾಗ ಮೊದಲಿನವರಿಗಿಂತ ಜಾಸ್ತಿಯೇ ಇತ್ತು. ಗೋಡೆ ಪೂರ್ತಿ ತೆಗೆಯಲು 18,000 ಅಂದಿದ್ದರು, ಒಂದು ಬಾಗಿಲಿಗೆ ಇವರು 26,000 ಅಂದರು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಎಲ್ಲವನ್ನೂ ಕಾಗದದ ಮೇಲೆ ಬರೆದೆವು. ಮಣ್ಣು ಯಾರು ಸಾಗಿಸಬೇಕು, ಎಲ್ಲಿಗೆ, ಹಳೇ ಮರ ಯಾರದ್ದು, ಜಾಕಿ ಬಾಡಿಗೆ ಯಾರ ತಲೆಗೆ, ಪಕ್ಕದ ಮನೆಯಲ್ಲಿ ಬಿರುಕು ಬಂದರೆ ಯಾರು ಮಾಡಿಕೊಡಬೇಕು. ಶುರು ಮಾಡುವ ಹಿಂದಿನ ದಿನ ಪಕ್ಕದ ಮನೆಯವರ ಜೊತೆಯೇ ನಿಂತು ಅವರ ಗೋಡೆಗಳ ಫೋಟೋ ತೆಗೆದೆ. ಮರ ಕಿರ್ ಅಂದರೆ, ಮಣ್ಣು ಉದುರಿದರೆ ಕೆಲಸ ಅಲ್ಲಿಗೇ ನಿಲ್ಲಬೇಕು, ಆ ದಿನದ ಕೂಲಿ ಮಾತ್ರ ಪೂರ್ತಿ ಸಿಗಬೇಕು ಎಂದು ಒಂದು ಸಾಲು ಸೇರಿಸಿದೆ. ಮೇಸ್ತ್ರಿ ಅದನ್ನು ಎರಡು ಸಲ ಓದಿದರು. ಕೆಲಸ ನಿಂತರೆ ಕೂಲಿ ಹೋಗುತ್ತದೆ ಅನ್ನುವ ಹೆದರಿಕೆಗೇ ಎಷ್ಟೋ ಜನ ಬಿರುಕು ನೋಡಿಯೂ ನೋಡದ ಹಾಗೆ ಮುಂದುವರಿಸುತ್ತಾರಂತೆ. ಅವರು ಇದನ್ನು ಹೇಳುವವರೆಗೆ ನನಗೂ ಗೊತ್ತಿರಲಿಲ್ಲ. ಕಚೇರಿಗೂ ಎಂಜಿನಿಯರ್ ಹುಡುಗಿಯ ನಕ್ಷೆ ಇಟ್ಟು ಒಂದು ಪತ್ರ ಕೊಟ್ಟು, ಸ್ವೀಕೃತಿ ತಗೊಂಡೆ. ಒಳಚರಂಡಿ ಸಂಪರ್ಕದ ಅರ್ಜಿಯನ್ನೂ ಅದರ ಜೊತೆಗೇ ಹಾಕಿದೆ. ಪತ್ರ ಯಾರೂ ಕೇಳಿರಲಿಲ್ಲ. ಆ ಮನೆಯೊಳಗೆ ಏನಾಯಿತು ಅನ್ನುವುದು ಎಲ್ಲಾದರೂ ಒಂದು ಕಡೆ ಬರಹದಲ್ಲಿ ಇರಲಿ ಅನಿಸಿತು. ಮುಂದೆ ಯಾರೋ ಇನ್ನೊಬ್ಬರು ಆ ಗೋಡೆ ತಟ್ಟಿ ನೋಡುತ್ತಾರೆ.

ಕೆಲಸಕ್ಕೆ ನಾಲ್ಕು ಜನ ಬಂದರು. ಇಬ್ಬರ ಹತ್ತಿರ ಕಟ್ಟಡ ಕಾರ್ಮಿಕರ ಕಾರ್ಡ್ ಇತ್ತು, ಇಬ್ಬರ ಹತ್ತಿರ ಇರಲಿಲ್ಲ. 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಏಟು ಬಿದ್ದರೆ ಮನೆಯವರ ಕೈ ಹಿಡಿಯುವ ಕಾಗದ ಅದು. ಕೆಲಸ ಕೊಟ್ಟವರು ಯಾರೂ ಸಹಿ ಹಾಕಿ ಕೊಟ್ಟಿಲ್ಲ ಎಂದು ಆ ಇಬ್ಬರಲ್ಲಿ ಒಬ್ಬ ಹೇಳಿದ. ನಮ್ಮ ಮನೆಯಲ್ಲಿ ಅವನು ದುಡಿದದ್ದು ಆರು ದಿನ. ಆ ಆರು ದಿನಕ್ಕೆ ಸಹಿ ಹಾಕಿ ಕೊಟ್ಟೆ. ಎಲ್ಲರಿಗೂ ಬೂಟು, ಮಾಸ್ಕು, ಹೆಲ್ಮೆಟ್ ತಮ್ಮ ತಂದ. ಧೂಳು ಏಳದ ಹಾಗೆ ನೀರು ಚಿಮುಕಿಸುತ್ತಾ ಬಿಡಿಸಿದರು. ಹಿತ್ತಲ ಬಚ್ಚಲಿನ ಮೇಲೆ ಹಳೇ ಸಿಮೆಂಟ್ ಶೀಟು ಇತ್ತು, ಕಲ್ನಾರಿನದು. ಅದನ್ನೂ ತೆಗೆಯಬೇಕಿತ್ತು. ಸುತ್ತಿಗೆ ಹಾಕಬೇಡಿ, ಒಡೆದರೆ ಅದರ ನಾರು ಎದೆಗೆ ಹೋಗುತ್ತದೆ ಎಂದು ಎಂಜಿನಿಯರ್ ಮೊದಲೇ ಹೇಳಿದ್ದಳು. ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಿದರು.

ನಡುವೆ ಒಂದು ಮಧ್ಯಾಹ್ನ ಗಿರಿಯ ಕಡೆ ಮೋಡ ಕಟ್ಟಿತು. ಕಾಫಿ ತೋಟದವರೆಲ್ಲ ಹೂಮಳೆಗೆ ಕಾಯುತ್ತಿದ್ದ ಸಮಯ. ನಮ್ಮ ಹೊರಗೋಡೆಯ ಮೇಲೆ ಎರಡು ಸಾಲು ಹೆಂಚು ಬಿಚ್ಚಿತ್ತು. ಟಾರ್ಪಾಲು ಹಿಡಿದು ನಾನೂ ಮಾಡು ಹತ್ತಿದೆ. ಆಚೆ ಮಾಡಿನ ಮೇಲಿಂದ ಪಕ್ಕದ ಮನೆಯ ಸೊಸೆ ಇನ್ನೊಂದು ತುದಿ ಹಿಡಿದಳು. ಮಾತೇನೂ ಆಡಲಿಲ್ಲ. ಮಳೆ ಬಂದು ಹೋಯಿತು.

ಬಾಗಿಲಿಗೆ ಬಿಡಿಸಿದ್ದು 16 ಘನ ಅಡಿಯೂ ಇಲ್ಲ. ಆದರೂ ಒಡೆದ ಮಣ್ಣು ಉಬ್ಬುತ್ತದೆ, ಗೋಡೆಯಲ್ಲಿ ಇದ್ದಾಗಿನ ಜಾಗಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಊರಿಂದ ಹೊರಗೆ ಹೋಗುವ ರಸ್ತೆಯ ಬದಿ, ಹಳ್ಳದ ದಂಡೆ ನೋಡಿದರೆ ಬೇರೆಯವರ ಗೋಡೆಗಳೆಲ್ಲ ಎಲ್ಲಿ ಹೋಗಿವೆ ಎಂದು ಗೊತ್ತಾಗುತ್ತದೆ. ಈ ಕಸಕ್ಕೆಂದೇ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತ್ತು. ದಿನಕ್ಕೆ 20 ಟನ್ ಮೇಲೆ ಮಾಡುವವರು ಮೊದಲೇ ಯೋಜನೆ ಕೊಡಬೇಕು ಎಂದಿದ್ದರೂ, ಚರಂಡಿ ಕಟ್ಟುವ ಹಾಗೆ, ರಸ್ತೆಗೆ ಅಡ್ಡವಾಗುವ ಹಾಗೆ ಸುರಿಯಬಾರದು ಅನ್ನುವುದು ನಮ್ಮಂಥ ಸಣ್ಣವರಿಗೂ ಸೇರಿಯೇ ಇತ್ತು. ನಮ್ಮ ಮಣ್ಣು ಬೇರೆಲ್ಲೂ ಹೋಗಲಿಲ್ಲ. ಮೊದಲ ದಿನ ಕಡಿದಿದ್ದ ಬುಡಕ್ಕೆ ಅದೇ ಮಣ್ಣನ್ನು ಕಲಸಿ ತುಂಬಿದರು, ಉಳಿದದ್ದು ಹಿತ್ತಲ ತಗ್ಗಿಗೆ ಬಿತ್ತು. ಅಮ್ಮ ಜಾರಿದ್ದ ಕಲ್ಲೂ ಅದರಡಿ ಹೋಯಿತು.

ಮೇ ಕೊನೆಗೆ ಕೆಲಸ ಮುಗಿಯಿತು. ಅಮ್ಮ ಈಗ ರಾತ್ರಿ ಮಂಚದ ಪಕ್ಕ ಚೊಂಬು ಇಟ್ಟುಕೊಂಡು ಮಲಗುತ್ತಾರೆ. ಲೆಕ್ಕದ ಪುಸ್ತಕದಲ್ಲಿ ನಾಲ್ಕೂ ಜನರ ಹೆಸರು, ಊರು, ಫೋನ್ ನಂಬರು ಬರೆದಿಟ್ಟಿದ್ದೇನೆ. ಅದನ್ನು ಬರೆಯುವಾಗಲೇ ಆ ಹುಡುಗನ ಹೆಸರು ಗೊತ್ತಿಲ್ಲ ಅನ್ನುವುದು ಹೊಳೆದದ್ದು. ಮೊದಲ ಮೇಸ್ತ್ರಿಗೆ ಫೋನ್ ಮಾಡಿದೆ. ಅಡ್ವಾನ್ಸ್ ವಾಪಸ್ ಕೇಳುತ್ತೇನೆ ಅಂದುಕೊಂಡರೋ ಏನೋ, ಮೂರನೇ ಸಲಕ್ಕೆ ಎತ್ತಿದರು.

“ಅವತ್ತು ಬಂದಿದ್ದನಲ್ಲ ಚಿಕ್ಕ ಹುಡುಗ, ಅವನ ಹೆಸರೇನು?”

“ಯಾವ ಹುಡುಗ ಮೇಡಂ?”

“ಟವೆಲ್ ಕಟ್ಟಿಕೊಂಡಿದ್ದ. ಬುಡದಲ್ಲಿ ಹಾರೆ ಹಾಕ್ತಿದ್ದ.”

“ಓ, ಅವನಾ. ನಮ್ಮ ಹುಡುಗ ಅಲ್ಲ ಮೇಡಂ. ಅವತ್ತು ಒಬ್ಬರು ಕಮ್ಮಿ ಇದ್ದರು, ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರ ನಿಂತಿದ್ದ, ಕರ್ಕೊಂಡು ಬಂದೆ. ಹೆಸರು ಕೇಳಲಿಲ್ಲ.”

ಅವನಿಗೆ ಆ ದಿನದ ಕೂಲಿ ಕೊಟ್ಟಿರಾ ಎಂದು ಕೇಳಿದೆ. ಅರ್ಧ ದಿನದ್ದು ಕೊಟ್ಟೆ ಅಂದರು.